ಹಳೆಯ ತಂತ್ರಾಂಶದಲ್ಲಿ ಮಗುವಿನ ಮೊದಲ ಸ್ಟಾಪ್ ಮೋಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಬದಿಯಲ್ಲಿ. ಆಗ ಎಂಟು ವರ್ಷದವಳಾಗಿದ್ದ ಮಗಳು ಒಂದು ಬೇಸಗೆ ರಜೆಯಲ್ಲಿ ಅಡಿಕೆಗಳನ್ನು ನಡೆಸುವ ಸಿನಿಮಾ ಮಾಡಬೇಕೆಂದು ಹಟ ಹಿಡಿದಳು. ಮನೆಯಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿಯ ಒಂದು ಹಳೆಯ ಡೆಸ್ಕ್‌ಟಾಪ್, ವಿಂಡೋಸ್ 7ರ ಒಂದು ಲ್ಯಾಪ್‌ಟಾಪ್, ಬಿರುಕು ಬಿಟ್ಟ ಗಾಜಿನ ಒಂದು ಫೋನ್ ಮಾತ್ರ. ಅಷ್ಟರಲ್ಲೇ ಕೆಲಸ ಆರಂಭಿಸಿದೆವು. ಅಂದಿನಿಂದ ನೆಂಟರೂ ನೆರೆಯವರೂ ಮಗಳ ಗೆಳತಿಯರ ತಾಯಂದಿರೂ ಕೇಳುತ್ತ ಬಂದಿರುವ ಪ್ರಶ್ನೆಗಳನ್ನು, ನಾವು ಎಡವಿ ಕಲಿತ ಉತ್ತರಗಳೊಡನೆ, ಇಲ್ಲಿ ಬರೆದಿಟ್ಟಿದ್ದೇನೆ.

ಸ್ಟಾಪ್ ಮೋಷನ್ ಎಂದರೆ ಏನು?

ಒಂದು ವಸ್ತುವಿನ ಚಿತ್ರ ತೆಗೆಯುವುದು, ಅದನ್ನು ತುಸು ಸರಿಸುವುದು, ಮತ್ತೆ ಚಿತ್ರ ತೆಗೆಯುವುದು. ಹೀಗೆ ಕೂಡಿದ ಚಿತ್ರಗಳನ್ನು ಒಂದರ ಹಿಂದೊಂದರಂತೆ ಬೇಗ ಬೇಗ ತೋರಿಸಿದರೆ ವಸ್ತು ತಾನಾಗಿಯೇ ಚಲಿಸಿದಂತೆ ಕಾಣುತ್ತದೆ. ಕಾಸರಗೋಡಿನ ಮಕ್ಕಳಿಗೆ ಇದನ್ನು ವಿವರಿಸಲು ಯಕ್ಷಗಾನ ಗೊಂಬೆಯಾಟದ ಹೋಲಿಕೆ ಸಾಕು. ಅಲ್ಲಿ ಆಡಿಸುವವರ ಕೈ ಮರೆಯಲ್ಲಿದ್ದು ಪ್ರಸಂಗ ಮುಗಿಯುವ ತನಕ ಸೂತ್ರ ಬಿಡುವುದಿಲ್ಲ. ಇಲ್ಲಿ ಕೈ ಬಂದು ಗೊಂಬೆಯನ್ನು ಸರಿಸಿ, ಪ್ರತಿ ಚಿತ್ರಕ್ಕೂ ಮೊದಲು ಹೊರಗೆ ಹೋಗಬೇಕು. 1912ರಲ್ಲಿ ದಾದಾಸಾಹೇಬ್ ಫಾಲ್ಕೆಯವರು ಬಟಾಣಿ ಬೀಜವೊಂದು ಮೊಳೆತು ಗಿಡವಾಗುವುದನ್ನು ದಿನಕ್ಕೊಂದು ಫ್ರೇಮಿನಂತೆ, ಅಂದರೆ ದಿನಕ್ಕೊಂದು ಚಿತ್ರದಂತೆ, ಸೆರೆಹಿಡಿದು, ಅದನ್ನು ತೋರಿಸಿ ತಮ್ಮ ಮುಂದಿನ ಕೆಲಸಕ್ಕೆ ಹಣ ಹೊಂದಿಸಿಕೊಂಡರು. ಅವರು ಗಿಡವನ್ನು ಮುಟ್ಟಲಿಲ್ಲ, ಗಿಡವೇ ಸರಿಯಿತು ಎಂಬಷ್ಟೇ ವ್ಯತ್ಯಾಸ. ಒಂದೊಂದೇ ಫ್ರೇಮ್ ಕೂಡಿಸುವ ಮರ್ಮ ಎರಡಕ್ಕೂ ಒಂದೇ.

ಎಷ್ಟನೆಯ ವಯಸ್ಸಿನಲ್ಲಿ ಆರಂಭಿಸಬಹುದು?

ಏಳೆಂಟು ವರ್ಷದ ಮಗು ಗೊಂಬೆಯನ್ನು ಸರಿಸಿ, ಕೈ ತೆಗೆದು, ಗುಂಡಿ ಒತ್ತುವ ಕ್ರಮವನ್ನು ತಾನಾಗಿಯೇ ಪಾಲಿಸಬಲ್ಲದು. ಅದಕ್ಕಿಂತ ಚಿಕ್ಕವರಾದರೆ ಸರಿಸುವ ಕೆಲಸ ಅವರಿಗೆ, ಗುಂಡಿ ಒತ್ತುವ ಕೆಲಸ ನಿಮಗೆ.

ಹೊಸ ಫೋನ್ ಆ್ಯಪ್‌ಗಳು ಇರುವಾಗ ಹಳೆಯ ತಂತ್ರಾಂಶವೇ ಏಕೆ?

ಒಳ್ಳೆಯ ಫೋನ್ ಮಗುವಿನ ಕೈಗೆ ಗಂಟೆಗಟ್ಟಲೆ ಸಿಗುವ ಮನೆಯಾದರೆ ಆ್ಯಪನ್ನೇ ಬಳಸಿ. ನನಗೆ ಅದರಲ್ಲಿ ತಕರಾರಿಲ್ಲ. ಆದರೆ ನಮ್ಮ ಕಡೆಯ ಬಹುತೇಕ ಮನೆಗಳಲ್ಲಿ ಫೋನ್ ಇರುವುದು ಅಪ್ಪನ ಕಿಸೆಯಲ್ಲಿ. ಅದು ಸೊಸೈಟಿಗೆ, ಬ್ಯಾಂಕಿಗೆ, ತೋಟಕ್ಕೆ ಅವರ ಜೊತೆಯಲ್ಲೇ ಹೋಗುತ್ತದೆ. ಯಾರೂ ಕೇಳದ ಹಳೆಯ ಕಂಪ್ಯೂಟರಾದರೋ ಇಡೀ ದಿನ ಮಗುವಿನದೇ.

ಇನ್ನೊಂದು ಕಾರಣವನ್ನೂ ಹೇಳಬೇಕು. ಆ್ಯಪ್ ಒಳಗೆ ತೆಗೆದ ಚಿತ್ರಗಳು ಬಹಳ ಸಲ ಆ ಆ್ಯಪಿನೊಳಗೇ ಉಳಿಯುತ್ತವೆ. ಮಗು ಗುಂಡಿ ಒತ್ತುತ್ತದೆ, ಸಿನಿಮಾ ಬರುತ್ತದೆ, ನಡುವೆ ಏನಾಯಿತೆಂಬುದು ಕಣ್ಣಿಗೆ ಬೀಳುವುದಿಲ್ಲ. ಹಳೆಯ ದಾರಿಯಲ್ಲಿ ನಲವತ್ತು ಚಿತ್ರಗಳು ಒಂದು ಫೋಲ್ಡರಿನಲ್ಲಿ ನಲವತ್ತು ಕಡತಗಳಾಗಿ ಸಾಲಾಗಿ ಕುಳಿತಿರುತ್ತವೆ. ಮಗು ಅವುಗಳನ್ನು ಎಣಿಸಬಹುದು. ಹದಿನೇಳನೆಯದರಲ್ಲಿ ತನ್ನ ಬೆರಳು ಸಿಕ್ಕಿಬಿದ್ದಿದೆಯೆಂದು ಗುರುತಿಸಿ ಅದೊಂದನ್ನೇ ತೆಗೆದುಹಾಕಬಹುದು. ಮೇಜಿನ ಮೇಲೆ ತೆಗೆದ ಚಿತ್ರಗಳೇ ಸಿನಿಮಾ, ತಂತ್ರಾಂಶ ಅವನ್ನು ಕಟ್ಟುವ ಬಾಳೆನಾರು ಎಂಬ ತಿಳಿವಳಿಕೆ ಮಗುವಿಗೆ ಮೊದಲ ವಾರದಲ್ಲೇ ಬರುತ್ತದೆ. ನಾರು ಹಳೆಯದಾದರೆ ಹೂವಿಗೇನೂ ಆಗುವುದಿಲ್ಲ.

ಯಾವ ಹಳೆಯ ತಂತ್ರಾಂಶಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ?

ನಾನು ಬಳಸಿದವುಗಳನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ವಿಂಡೋಸ್ ಮೂವಿ ಮೇಕರ್. 2000ದಲ್ಲಿ ವಿಂಡೋಸ್ ಎಂಇ ಜೊತೆಗೆ ಬಂದ ಇದು ಎಕ್ಸ್‌ಪಿ ಇರುವ ಕಂಪ್ಯೂಟರುಗಳಲ್ಲಿ ಮೊದಲೇ ಇರುತ್ತದೆ. ವಿಂಡೋಸ್ 7ರ ಕಾಲಕ್ಕೆ ಬೇರೆ ರೂಪದಲ್ಲಿ ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಾಗಿ ಬಂತು. ಎರಡನೆಯದು ವರ್ಚುವಲ್‌ಡಬ್. ನೋಡಲು ನೀರಸವಾಗಿದ್ದರೂ ಕ್ರಮಸಂಖ್ಯೆಯ ಚಿತ್ರಗಳನ್ನು ವಿಡಿಯೊ ಮಾಡುವುದರಲ್ಲಿ ಅದಕ್ಕೆ ಸಮನಾದ ಹಳಬ ಇಲ್ಲ: ಮೊದಲ ಚಿತ್ರವನ್ನು ತೆರೆದರೆ ಉಳಿದವುಗಳನ್ನು ತಾನೇ ಎಳೆದುಕೊಳ್ಳುತ್ತದೆ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು ನಮಗೆ ಬೇಕಾದಂತೆ ನಮೂದಿಸಬಹುದು. ನಡುವೆ ಒಂದು ಸಂಖ್ಯೆ ತಪ್ಪಿದರೆ ಮಾತ್ರ ಅಲ್ಲಿಗೇ ನಿಂತುಬಿಡುತ್ತದೆ. ಮೂರನೆಯದು ಮಂಕಿಜ್ಯಾಮ್. ವೆಬ್‌ಕ್ಯಾಮಿನಿಂದ ನೇರವಾಗಿ ಚಿತ್ರ ಹಿಡಿದು, ಆ್ಯನಿಮೇಷನ್‌ನವರು ಬಳಸುವ ಎಕ್ಸ್‌ಪೋಷರ್ ಶೀಟಿನಂತಹ (ಯಾವ ಫ್ರೇಮಿಗೆ ಯಾವ ಚಿತ್ರ ಎಂದು ಗುರುತಿಸುವ) ಉದ್ದ ಪಟ್ಟಿಯಲ್ಲಿ ಜೋಡಿಸುವ ಈ ಉಚಿತ ತಂತ್ರಾಂಶವನ್ನು ಮಗು ಹತ್ತು ವರ್ಷ ದಾಟಿದ ಮೇಲೆ ಕೊಡುವುದು ಒಳ್ಳೆಯದು.

ವಿಂಡೋಸಿಗೆ ಬರುತ್ತಿದ್ದ ಕ್ವಿಕ್‌ಟೈಮ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದರ ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ಚಿತ್ರಸರಣಿಯನ್ನು ತೆರೆಯುವ ಸೌಲಭ್ಯವೇನೋ ಇತ್ತು. ಆದರೆ 2016ರಲ್ಲಿ ಆ್ಯಪಲ್ ಅದನ್ನು ಕೈಬಿಟ್ಟಿತು. ಸರಿಪಡಿಸದ ಭದ್ರತಾ ದೋಷಗಳು ಅದರಲ್ಲಿ ಉಳಿದಿರುವುದರಿಂದ ಇದ್ದರೆ ಅಳಿಸಿಹಾಕುವುದೇ ಲೇಸು.

ಮೂವಿ ಮೇಕರ್ ನಮ್ಮ ಕಂಪ್ಯೂಟರಿನಲ್ಲಿ ಇಲ್ಲ. ಎಲ್ಲಿಂದ ಇಳಿಸಿಕೊಳ್ಳಲಿ?

ಇಳಿಸಿಕೊಳ್ಳಬೇಡಿ. ಮೈಕ್ರೋಸಾಫ್ಟ್ 2017ರ ಜನವರಿ 10ರಂದು ಅದರ ವಿತರಣೆಯನ್ನು ನಿಲ್ಲಿಸಿತು. ಅದೇ ವರ್ಷದ ನವೆಂಬರಿನಲ್ಲಿ, ಅದೇ ಹೆಸರು ಹೊತ್ತ ನಕಲಿ ತಾಣವೊಂದು ಗೂಗಲ್ ಹುಡುಕಾಟದಲ್ಲಿ ಮೇಲೆಯೇ ಕಾಣಿಸಿಕೊಂಡು, ಸಿನಿಮಾ ಉಳಿಸುವ ಹಂತದಲ್ಲಿ ಹಣ ಕೇಳುತ್ತಿದ್ದುದನ್ನು ಭದ್ರತಾ ಸಂಸ್ಥೆ ಇಸೆಟ್ ಬಯಲಿಗೆಳೆಯಿತು. ಮೊದಲಿನಿಂದಲೇ ಇದ್ದರೆ ಬಳಸಿ, ಇಲ್ಲದಿದ್ದರೆ ವರ್ಚುವಲ್‌ಡಬ್ ಕಡೆಗೆ ಹೋಗಿ.

ಹಳೆಯ ಕಂಪ್ಯೂಟರನ್ನು ಮಗುವಿನ ಕೈಗೆ ಕೊಡುವುದು ಸುರಕ್ಷಿತವೇ?

ಅಂತರ್ಜಾಲದ ಸಂಪರ್ಕ ತೆಗೆದರೆ ಸುರಕ್ಷಿತ. ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಬೆಂಬಲ ಮುಗಿದಿದೆ. ಅನಂತರ ಕಂಡುಬಂದ ದೋಷಗಳಿಗೆ ಸಾಮಾನ್ಯ ಬಳಕೆದಾರರ ಪಾಲಿಗೆ ಮದ್ದಿಲ್ಲ. ನಾವು ಡೆಸ್ಕ್‌ಟಾಪಿನ ನೆಟ್ ತಂತಿಯನ್ನೇ ಕಿತ್ತಿಟ್ಟು, ಚಿತ್ರಗಳನ್ನು ಒಂದು ಮೀಸಲು ಪೆನ್‌ಡ್ರೈವಿನಲ್ಲಿ ಸಾಗಿಸುತ್ತೇವೆ. ಆ ಪೆನ್‌ಡ್ರೈವ್ ಜೆರಾಕ್ಸ್ ಅಂಗಡಿಗೆ ಹೋಗಬಾರದು ಎಂಬುದು ಮನೆಯ ಕಟ್ಟುನಿಟ್ಟಿನ ನಿಯಮ. ಹಳೆಯ ಕಂಪ್ಯೂಟರುಗಳಿಗೆ ವೈರಸ್ ಬರುವ ದಾರಿಗಳಲ್ಲಿ ಅದೂ ಒಂದು.

ಸೆಕೆಂಡಿಗೆ ಎಷ್ಟು ಚಿತ್ರ ಬೇಕು?

ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮುಗಳ ವೇಗದಲ್ಲಿ. ಗೊಂಬೆ ಆಡಿಸುವವರು ಬಹಳ ಸಲ ಒಂದೇ ಚಿತ್ರವನ್ನು ಎರಡು ಫ್ರೇಮುಗಳಿಗೆ ನಿಲ್ಲಿಸಿ 12 ಚಿತ್ರಗಳಲ್ಲಿ ಕೆಲಸ ಮುಗಿಸುತ್ತಾರೆ. ಎಕ್ಸ್‌ಪಿಯ ಮೂವಿ ಮೇಕರ್ ಇಷ್ಟಕ್ಕೂ ಒಪ್ಪುವುದಿಲ್ಲ: ಅದರ ಆಯ್ಕೆಗಳ ಪುಟದಲ್ಲಿ ಒಂದು ಚಿತ್ರ ತೆರೆಯ ಮೇಲಿರುವ ಅವಧಿಯನ್ನು 0.125 ಸೆಕೆಂಡಿಗಿಂತ ಕೆಳಗೆ ಇಳಿಸಲಾಗದು. ಅಂದರೆ ಸೆಕೆಂಡಿಗೆ 8 ಚಿತ್ರ.

ಇದನ್ನು ಕೊರತೆಯೆಂದು ಹೇಳುವವರನ್ನು ಕೇಳಿದ್ದೇನೆ. ಎಂಟು ವರ್ಷದ ಮಗುವಿನ ದೃಷ್ಟಿಯಿಂದ ಇದೊಂದು ಉಪಕಾರ. ಅರ್ಧ ನಿಮಿಷದ ಸಿನಿಮಾಕ್ಕೆ 24ರ ಲೆಕ್ಕದಲ್ಲಿ 720, 12ರ ಲೆಕ್ಕದಲ್ಲಿ 360 ಚಿತ್ರಗಳು ಬೇಕು; 8ರ ಲೆಕ್ಕದಲ್ಲಿ 240 ಸಾಕು. ಚಲನೆ ತುಸು ಕುಪ್ಪಳಿಸಿದಂತೆ ಕಾಣುತ್ತದೆ, ನಿಜ, ಆದರೆ ಅಡಿಕೆ ನಡೆಯುವುದಾದರೆ ಕುಪ್ಪಳಿಸಿಕೊಂಡೇ ನಡೆಯಬೇಕಲ್ಲವೇ?

ಲೆಕ್ಕವನ್ನು ಮಗುವಿನಿಂದಲೇ ಮಾಡಿಸಿ. ಮೇಜಿನ ಮೇಲೆ 30 ಸೆಂಟಿಮೀಟರಿನ ಅಡಿಪಟ್ಟಿ ಇಟ್ಟು, ಅಡಿಕೆ ಅದರ ಈ ತುದಿಯಿಂದ ಆ ತುದಿಗೆ ಮೂರು ಸೆಕೆಂಡಿನಲ್ಲಿ ಹೋಗಬೇಕೆಂದು ನಿರ್ಧರಿಸಿದರೆ 24 ಚಿತ್ರಗಳು ಬೇಕು, ಪ್ರತಿ ಸಲ 1.25 ಸೆಂಟಿಮೀಟರ್ ಸರಿಸಬೇಕು. ಇದನ್ನೊಮ್ಮೆ ಮಾಡಿ ನೋಡಿದ ಮಗು ತಾನಾಗಿಯೇ ಕೇಳುತ್ತದೆ: ಹೊರಡುವಾಗ ಇಷ್ಟು ಜೋರಾಗಿ ಏಕೆ ಹೊರಡುತ್ತದೆ, ನಿಲ್ಲುವಾಗ ಗೋಡೆಗೆ ಬಡಿದಂತೆ ಏಕೆ ನಿಲ್ಲುತ್ತದೆ? ಆಗ ಮೊದಲ ಮತ್ತು ಕೊನೆಯ ನಾಲ್ಕೈದು ಹೆಜ್ಜೆಗಳನ್ನು ಚಿಕ್ಕದು ಮಾಡಿ, ನಡುವಿನವನ್ನು ದೊಡ್ಡದು ಮಾಡಲು ಹೇಳಿ. ಈ ಒಂದು ಪಾಠಕ್ಕೆ ನಮ್ಮ ಮನೆಯಲ್ಲಿ ಒಂದು ವಾರ ಹಿಡಿಯಿತು. ಅದರಷ್ಟು ಉಪಯೋಗಕ್ಕೆ ಬಂದ ಇನ್ನೊಂದು ವಾರ ಇಲ್ಲ.

ತಾಂತ್ರಿಕವಾಗಿ ನೆನಪಿಡಬೇಕಾದದ್ದು: ಎಕ್ಸ್‌ಪಿಯ ಮೂವಿ ಮೇಕರಿನಲ್ಲಿ ಒಂದು ಚಿತ್ರದ ಅವಧಿಯನ್ನು, ಚಿತ್ರಗಳನ್ನು ಕೆಳಗಿನ ಪಟ್ಟಿಗೆ ಎಳೆಯುವ ಮೊದಲೇ ಬದಲಿಸಬೇಕು, ಏಕೆಂದರೆ ಆಗಲೇ ಎಳೆದಿಟ್ಟವುಗಳಿಗೆ ಹೊಸ ಅವಧಿ ಅನ್ವಯಿಸುವುದಿಲ್ಲ. ಬದಲಿಸದಿದ್ದರೆ ಪ್ರತಿ ಚಿತ್ರವೂ 5 ಸೆಕೆಂಡ್ ನಿಂತು ಮಗುವಿನ ಮುಖ ಸಪ್ಪೆಯಾಗುತ್ತದೆ. ಇನ್ನೂ ವೇಗ ಬೇಕಾದರೆ ಒಮ್ಮೆ ಉಳಿಸಿದ ವಿಡಿಯೊವನ್ನು ಮತ್ತೆ ಒಳಗೆ ತಂದು, ವೇಗವನ್ನು ಇಮ್ಮಡಿಗೊಳಿಸುವ ಪರಿಣಾಮವನ್ನು ಅದರ ಮೇಲೆ ಹಾಕಿ, ಎಂಟು ಹದಿನಾರಾಗುತ್ತದೆ. ವಿಂಡೋಸ್ 7ರ ಕಾಲದ ಮೂವಿ ಮೇಕರಿನಲ್ಲಿ ಈ ಸರ್ಕಸ್ ಬೇಡ, ಅವಧಿಯ ಜಾಗದಲ್ಲಿ 0.1 ಎಂದು ಕೈಯಿಂದ ಬರೆದರೆ ಸೆಕೆಂಡಿಗೆ ಹತ್ತು ಚಿತ್ರಗಳಾಗುತ್ತವೆ.

ಕ್ಯಾಮೆರಾ ಯಾವುದಾಗಬೇಕು, ಅದನ್ನು ಹೇಗೆ ನಿಲ್ಲಿಸಬೇಕು?

ಅಲುಗಾಡದೆ ನಿಲ್ಲುವ ಯಾವ ಕ್ಯಾಮೆರಾ ಆದರೂ ಆಗುತ್ತದೆ. ಹಳೆಯ ಡಿಜಿಟಲ್ ಕ್ಯಾಮೆರಾ ಮನೆಯಲ್ಲಿ ಬಿದ್ದಿದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಅದು ಕಡತಗಳಿಗೆ ತಾನೇ ಕ್ರಮಸಂಖ್ಯೆ ಕೊಡುತ್ತದೆ, ನಡುವೆ ಅದಕ್ಕೆ ಯಾರದೂ ಕರೆ ಬರುವುದಿಲ್ಲ. ಫೋನಾದರೆ ಅಡ್ಡಕ್ಕೆ ಇಡಿ, ಇಲ್ಲವಾದರೆ ಸಿನಿಮಾದ ಎರಡೂ ಬದಿಗೆ ಕಪ್ಪು ಪಟ್ಟಿಗಳು ಬರುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಡಬ್ಬದ ಬಾಯಿಗೆ ಫೋನನ್ನು ಅರ್ಧ ಹುಗಿದು ನಿಲ್ಲಿಸಿ. ತಂತಿಯ ಇಯರ್‌ಫೋನ್ ಸಿಕ್ಕಿಸಿ ಅದರ ಧ್ವನಿ ಹೆಚ್ಚಿಸುವ ಗುಂಡಿಯನ್ನು ಒತ್ತಿದರೆ ಬಹಳಷ್ಟು ಫೋನುಗಳು ಚಿತ್ರ ತೆಗೆಯುತ್ತವೆ. ಫೋನನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಕಾಗದದ ಗೊಂಬೆಗಳನ್ನು ನೆಲದಲ್ಲಿ ಮಲಗಿಸಿ ಮೇಲಿನಿಂದ ಚಿತ್ರ ತೆಗೆಯುವುದಾದರೆ ಎರಡು ಕುರ್ಚಿಗಳ ಬೆನ್ನಿನ ಮೇಲೆ ಹಲಗೆಯೊಂದನ್ನು ಅಡ್ಡ ಇಟ್ಟು, ಫೋನಿನ ಕಣ್ಣು ಅಂಚಿನಿಂದ ಹೊರಗೆ ಬರುವಂತೆ ಹಗ್ಗದಿಂದ ಬಿಗಿಯಿರಿ. ಆಮೇಲೆ ಕುರ್ಚಿಗಳ ಕಾಲುಗಳ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ಬೆಕ್ಕು ಬಂದು ಹೋದ ಮೇಲೆ ಈ ಗುರುತಿನ ಬೆಲೆ ತಿಳಿಯುತ್ತದೆ.

ಸಿನಿಮಾ ಓಡುವಾಗ ಬೆಳಕು ಪಟಪಟನೆ ಮಿನುಗುತ್ತದೆ. ತಂತ್ರಾಂಶದ ದೋಷವೇ?

ಅಲ್ಲ. ಎಲ್ಲರೂ ಕೇಳುವ ಪ್ರಶ್ನೆ ಇದು, ಎಲ್ಲರೂ ತಂತ್ರಾಂಶವನ್ನೇ ಬಯ್ಯುತ್ತಾರೆ, ಆದರೆ ದೋಷ ಚಿತ್ರ ತೆಗೆಯುವಾಗಲೇ ಸೇರಿಕೊಂಡಿರುತ್ತದೆ. ಹೊಸ ತಂತ್ರಾಂಶ ಕೊಂಡರೂ ಅದು ಹೋಗುವುದಿಲ್ಲ.

ಮೊದಲ ಕಾರಣ ಹಗಲಿನ ಬೆಳಕು. ನಮ್ಮ ಹಂಚಿನ ಮನೆಯ ಚಾವಡಿಯಲ್ಲಿ ಗಾಜಿನ ಹಂಚಿನಿಂದ ಬೀಳುವ ಬಿಸಿಲಕೋಲು ಸಿನಿಮಾದ ಬೆಳಕಿನಂತೆ ಸುಂದರವಾಗಿ ಕಂಡಿತು. ಮಗಳು ಅಲ್ಲೇ ಅಡಿಕೆಗಳ ಮೆರವಣಿಗೆ ಹೂಡಿದಳು. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅರ್ಧ ಗಂಟೆಯಲ್ಲಿ ಬಿಸಿಲಕೋಲು ಮೇಜು ಬಿಟ್ಟು ಗೋಡೆ ಹತ್ತಿತು, ಸಿನಿಮಾದಲ್ಲಿ ಐದು ಸೆಕೆಂಡಿನಲ್ಲಿ ಬೆಳಗಾಗಿ ಸಂಜೆಯಾಯಿತು. ಜೂನಿನಿಂದ ಸೆಪ್ಟೆಂಬರ್ ತನಕ ಪಾಡು ಇನ್ನೂ ಕಷ್ಟ, ಏಕೆಂದರೆ ಮೋಡ ಒಂದು ನಿಮಿಷ ಕವಿದು ಮರುನಿಮಿಷ ಬಿಡುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಸಂದುಗಳಿಗೆ ದಪ್ಪ ಕಂಬಳಿ ಹಾಕಿ, ಎರಡು ದೀಪಗಳಲ್ಲಿ ಕೆಲಸ ಮಾಡಿ. ರಾತ್ರಿ ಊಟದ ನಂತರದ ಒಂದು ಗಂಟೆ ಇದಕ್ಕೆ ಅತ್ಯುತ್ತಮ.

ಎರಡನೆಯ ಕಾರಣ ಕ್ಯಾಮೆರಾದ ಅತಿ ಬುದ್ಧಿವಂತಿಕೆ. ಗೊಂಬೆ ಸರಿದಾಗಲೆಲ್ಲ ಅದು ಬೆಳಕನ್ನೂ ಬಣ್ಣವನ್ನೂ ಹೊಸದಾಗಿ ಅಳೆಯುತ್ತದೆ, ಒಂದೊಂದು ಚಿತ್ರಕ್ಕೆ ಒಂದೊಂದು ಹೊಳಪು ಕೊಡುತ್ತದೆ. ಫೋನಿನ ತೆರೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಹಲವು ಫೋನುಗಳಲ್ಲಿ ಬೆಳಕು ಮತ್ತು ಫೋಕಸ್ ಎರಡೂ ಬಂಧಿಯಾಗುತ್ತವೆ; ಪ್ರೊ ಎಂಬ ವಿಭಾಗವಿದ್ದರೆ ಬಿಳುಪಿನ ಸಮತೋಲವನ್ನೂ (ವೈಟ್ ಬ್ಯಾಲೆನ್ಸ್) ಕೈಯಿಂದಲೇ ನಿಲ್ಲಿಸಿ. ದೀಪ ಮಿನುಗಿ ಪಟ್ಟಿಪಟ್ಟಿಯಾಗಿ ಕಾಣುತ್ತಿದ್ದರೆ ಶಟರ್ ವೇಗವನ್ನು, ಅಂದರೆ ಕ್ಯಾಮೆರಾದ ಕಣ್ಣು ತೆರೆದಿರುವ ಅವಧಿಯನ್ನು, ಸೆಕೆಂಡಿನ ಐವತ್ತನೆಯ ಅಥವಾ ಇಪ್ಪತ್ತೈದನೆಯ ಒಂದು ಭಾಗಕ್ಕೆ ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಆ ಲೆಕ್ಕಕ್ಕೆ ಈ ವೇಗಗಳು ಹೊಂದುತ್ತವೆ.

ಮೂರನೆಯದು ವೋಲ್ಟೇಜ್. ಬೇಸಗೆಯಲ್ಲಿ ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಹೊರಟಾಗ ಹಳೆಯ ತಂತಿಬಲ್ಬು ಕಣ್ಣಿಗೇ ಕಾಣುವಂತೆ ಕಂದುತ್ತದೆ. ಒಳ್ಳೆಯ ಎಲ್‌ಇಡಿ ಬಲ್ಬು ಇದನ್ನು ಹೆಚ್ಚುಕಡಿಮೆ ಸಹಿಸಿಕೊಳ್ಳುತ್ತದೆ.

ನಾಲ್ಕನೆಯದನ್ನು ಪತ್ತೆ ಹಚ್ಚಲು ನಮಗೆ ಹದಿನೈದು ದಿನ ಬೇಕಾಯಿತು. ದೀಪ ಸ್ಥಿರ, ಕ್ಯಾಮೆರಾ ಸ್ಥಿರ, ಆದರೂ ಮಿನುಗು. ಕೊನೆಗೆ ನೋಡಿದರೆ ಮಗಳ ಬಿಳಿ ಅಂಗಿ! ಅವಳು ಒಮ್ಮೆ ಮೇಜಿನ ಹತ್ತಿರ, ಒಮ್ಮೆ ದೂರ ನಿಂತು ಗುಂಡಿ ಒತ್ತುತ್ತಿದ್ದಳು. ಅಂಗಿಯಿಂದ ಪ್ರತಿಫಲಿಸಿದ ಬೆಳಕು ಗೊಂಬೆಯ ಮೇಲೆ ಬೀಳುತ್ತಿತ್ತು. ಕಡುಬಣ್ಣದ ಅಂಗಿ ತೊಡಿಸಿ, ಪ್ರತಿ ಸಲವೂ ನೆಲದ ಒಂದೇ ಗುರುತಿನ ಮೇಲೆ ನಿಂತು ಗುಂಡಿ ಒತ್ತುವಂತೆ ಹೇಳಿದ ಮೇಲೆ ಮಿನುಗು ನಿಂತಿತು.

ಗೊಂಬೆಗಳಿಗೆ ಏನು ಬಳಸಬಹುದು?

ಮೊದಲ ತಿಂಗಳು ಏನನ್ನೂ ಕೊಳ್ಳಬೇಡಿ. ಅಂಗಳದಲ್ಲಿ ಒಣಗುತ್ತಿರುವ ಅಡಿಕೆ, ಹುಣಸೆಬೀಜ, ವಿಷವಲ್ಲದ ಯಾವುದೇ ಕಾಳು (ಗುಲಗಂಜಿ ವಿಷ, ಅದು ಬೇಡ), ಗುಂಡಿಗಳು, ಬೆಂಕಿಪೆಟ್ಟಿಗೆ ಸಾಕು. ಅಡಿಕೆ ಉರುಳುತ್ತದೆ ಎಂಬುದೊಂದೇ ತೊಂದರೆ. ಅದರ ಬುಡಕ್ಕೆ ಸಾಸಿವೆಯಷ್ಟು ಜೇನುಮೇಣ ಅಂಟಿಸಿದರೆ ನಿಲ್ಲುತ್ತದೆ. ಹಲಸಿನ ಮೇಣವನ್ನು ನಾವೂ ಪ್ರಯತ್ನಿಸಿದ್ದೆವು. ಅಡಿಕೆ ನಿಂತಿತು, ಆಮೇಲೆ ಎಂದೂ ಹೊರಡಲಿಲ್ಲ, ಮೇಜನ್ನು ತೆಂಗಿನೆಣ್ಣೆ ಹಾಕಿ ತಿಕ್ಕಬೇಕಾಯಿತು.

ಅಡಿಕೆಯ ಹಾಳೆಯಿಂದ ಮನೆ, ದೋಣಿ, ಗೊಂಬೆಯ ತಲೆಗೆ ಮುಟ್ಟಾಳೆ ಎಲ್ಲವನ್ನೂ ಕತ್ತರಿಸಬಹುದು. ಆದರೆ ಹಸಿ ಹಾಳೆ ಒಣಗುತ್ತ ಸುರುಳಿಕೊಳ್ಳುವುದರಿಂದ ನಿನ್ನೆ ನೆಟ್ಟಗಿದ್ದ ಮನೆ ಇಂದು ಬಾಗಿರುತ್ತದೆ, ಸಿನಿಮಾದಲ್ಲಿ ಭೂಕಂಪವಾದಂತೆ ಕಾಣುತ್ತದೆ. ನೀರಿನಲ್ಲಿ ನೆನೆಸಿ, ಭಾರದ ಅಡಿಯಲ್ಲಿ ಒಣಗಿಸಿದ ಹಾಳೆಯನ್ನೇ ಬಳಸಿ.

ಮಣ್ಣಿನ ಗೊಂಬೆಗೆ ಕುಂಬಾರರ ಜೇಡಿಮಣ್ಣು ಸೂಕ್ತವಲ್ಲ; ಅದು ಒಣಗಿ ಬಿರಿಯುತ್ತದೆ. ಅಂಗಡಿಯಲ್ಲಿ ಸಿಗುವ ಎಣ್ಣೆ ಬೆರೆತ ಬಣ್ಣದ ಮಣ್ಣು ಒಣಗುವುದಿಲ್ಲ, ಆದರೆ ಏಪ್ರಿಲಿನ ಸೆಕೆಗೆ ಮೆತ್ತಗಾಗಿ ಗೊಂಬೆ ಮಂಡಿಯೂರುತ್ತದೆ. ಹತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಮತ್ತೆ ಎದ್ದು ನಿಲ್ಲುತ್ತದೆ. ಚಪಾತಿ ಹಿಟ್ಟನ್ನು ನಂಬಬೇಡಿ, ಅದು ನಿಧಾನವಾಗಿ ಕುಸಿಯುತ್ತಲೇ ಇರುತ್ತದೆ.

ಹಿಂದಿನ ಚಿತ್ರವನ್ನು ತೆಳುವಾಗಿ ತೋರಿಸುವ ಸೌಲಭ್ಯ ನಮ್ಮ ತಂತ್ರಾಂಶದಲ್ಲಿ ಇಲ್ಲ. ಏನು ಮಾಡುವುದು?

ಈರುಳ್ಳಿ ಸಿಪ್ಪೆಯ ಹೆಸರಿನಿಂದ ಕರೆಯುವ ಆ ಸೌಲಭ್ಯ ಮಂಕಿಜ್ಯಾಮಿನಲ್ಲಿದೆ, ಮೂವಿ ಮೇಕರಿನಲ್ಲಿ ಇಲ್ಲ. ವೆಬ್‌ಕ್ಯಾಮ್ ಬಳಸುವವರು ಮಾನಿಟರಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಗೊಂಬೆಯ ಈಗಿನ ಅಂಚನ್ನು ಅಳಿಸಬಹುದಾದ ಪೆನ್ನಿನಿಂದ ಬರೆದುಕೊಂಡು ಆಮೇಲೆ ಸರಿಸಬಹುದು. ಫೋನ್ ಬಳಸುವವರಿಗೆ ಇನ್ನೂ ಹಳೆಯ ಉಪಾಯವೊಂದಿದೆ: ಗೊಂಬೆಯ ಮೂಗಿಗೆ ತಾಗುವಂತೆ ತೆಂಗಿನ ಗರಿಯ ಕಡ್ಡಿಯೊಂದನ್ನು ಮಣ್ಣಿನ ಮುದ್ದೆಯಲ್ಲಿ ನಿಲ್ಲಿಸಿ, ಗೊಂಬೆಯನ್ನು ಸರಿಸಿ, ಕಡ್ಡಿಗೂ ಮೂಗಿಗೂ ಈಗ ಎಷ್ಟು ಅಂತರವಿದೆಯೆಂದು ನೋಡಿ, ಕಡ್ಡಿಯನ್ನು ತೆಗೆದು ಚಿತ್ರ ಒತ್ತುವುದು. ಕಡ್ಡಿ ತೆಗೆಯಲು ಮರೆಯುವುದು ಸಹಜ. ನಮ್ಮ ಮೊದಲ ಸಿನಿಮಾದಲ್ಲಿ ಅದು ಎರಡು ಕಡೆ ಅತಿಥಿ ಪಾತ್ರ ವಹಿಸಿದೆ.

ಚಿತ್ರಗಳನ್ನು ಹಾಕಿದೊಡನೆ ಕಂಪ್ಯೂಟರ್ ಸ್ಥಗಿತಗೊಳ್ಳುತ್ತದೆ. ಏಕೆ?

ಚಿತ್ರಗಳು ಅದರ ಶಕ್ತಿಗೆ ಮೀರಿ ದೊಡ್ಡದಾಗಿವೆ. ಫೋನಿನ 12 ಮೆಗಾಪಿಕ್ಸೆಲ್ ಚಿತ್ರ ಡಿಸ್ಕಿನಲ್ಲಿ ಮೂರು ನಾಲ್ಕು ಎಂಬಿ ಇದ್ದರೂ, ತೆರೆಯಲು ಬಿಡಿಸಿದಾಗ ಸ್ಮೃತಿಯಲ್ಲಿ (ರ್‍ಯಾಮಿನಲ್ಲಿ) ಸುಮಾರು 36 ಎಂಬಿ ಜಾಗ ಹಿಡಿಯುತ್ತದೆ. ಅಂಥ ನಲವತ್ತು ಚಿತ್ರಗಳೆಂದರೆ ಒಂದೂವರೆ ಜಿಬಿಗೆ ಹತ್ತಿರ. ಒಂದು ಜಿಬಿ ರ್‍ಯಾಮಿನ ಕಂಪ್ಯೂಟರ್ ಉಸಿರು ಕಟ್ಟದೆ ಇನ್ನೇನು ಮಾಡೀತು? ಅದೇ ಚಿತ್ರ 640×480 ಅಳತೆಯಲ್ಲಿದ್ದರೆ ಒಂದು ಎಂಬಿಗಿಂತಲೂ ಕಡಿಮೆ ಸಾಕು.

ಇರ್ಫಾನ್‌ವ್ಯೂ ಎಂಬ ಪುಟ್ಟ ತಂತ್ರಾಂಶ ಇಡೀ ಫೋಲ್ಡರಿನ ಚಿತ್ರಗಳನ್ನು ಒಟ್ಟಿಗೆ ಕುಗ್ಗಿಸಿ, 0001ರಿಂದ ಆರಂಭಿಸಿ ಕ್ರಮಸಂಖ್ಯೆಯನ್ನೂ ಹಾಕಿಕೊಡುತ್ತದೆ. ಸಂಖ್ಯೆಯ ಮುಂದೆ ಸೊನ್ನೆಗಳಿರಲಿ. ಇಲ್ಲವಾದರೆ ಕೆಲವು ತಂತ್ರಾಂಶಗಳು 1ರ ನಂತರ 10ನ್ನು, ಆಮೇಲೆ 2ನ್ನು ತೋರಿಸಿ ಗೊಂಬೆಯನ್ನು ಹುಚ್ಚು ಕುಣಿಸುತ್ತವೆ. ಕುಗ್ಗಿಸಿದವುಗಳನ್ನು ಬೇರೆ ಫೋಲ್ಡರಿನಲ್ಲಿಡಿ. ಮೂಲ ಚಿತ್ರಗಳನ್ನು ಎಂದಿಗೂ ಮುಟ್ಟಬಾರದು.

ವರ್ಚುವಲ್‌ಡಬ್ ಬಳಸುವವರಿಗೆ ಒಂದು ಎಚ್ಚರಿಕೆ: ಸಂಕುಚಿತಗೊಳಿಸದೆ ಉಳಿಸಿದರೆ ಈ ಚಿಕ್ಕ ಅಳತೆಯಲ್ಲೂ, ಸೆಕೆಂಡಿಗೆ 12 ಫ್ರೇಮಿನಂತೆ, ಒಂದು ನಿಮಿಷದ ಎವಿಐ ರೂಪದ ವಿಡಿಯೊ ಕಡತ 660 ಎಂಬಿ ದಾಟುತ್ತದೆ.

ನಿನ್ನೆ ಮಾಡಿದ ಕೆಲಸವನ್ನು ಇಂದು ತೆರೆದರೆ ಚಿತ್ರಗಳ ಜಾಗದಲ್ಲಿ ಕೆಂಪು ಗೆರೆಯ ಗುಣಿಸು ಚಿಹ್ನೆ ಕಾಣುತ್ತದೆ. ಎಲ್ಲವೂ ಹೋಯಿತೇ?

ಹೋಗಿಲ್ಲ. ಮೂವಿ ಮೇಕರಿನ ಪ್ರಾಜೆಕ್ಟ್ ಕಡತದೊಳಗೆ ಚಿತ್ರಗಳೇ ಇರುವುದಿಲ್ಲ, ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಇರುತ್ತದೆ. ಫೋಲ್ಡರಿನ ಹೆಸರು ಬದಲಿಸಿದರೆ, ಇನ್ನೊಂದು ಡ್ರೈವಿಗೆ ಸರಿಸಿದರೆ ಅಥವಾ ಪೆನ್‌ಡ್ರೈವ್ ತೆಗೆದರೆ ವಿಳಾಸ ತಪ್ಪುತ್ತದೆ. ಚಿತ್ರಗಳನ್ನು ಮೊದಲಿದ್ದ ಜಾಗಕ್ಕೇ ತಂದಿಟ್ಟರೆ ಸರಿಹೋಗುತ್ತದೆ. ನಾನು ಇದನ್ನು ಅರಿಯದೆ, ಮಗಳಿಗೆ ಪೆನ್‌ಡ್ರೈವಿನಲ್ಲಿ ಪ್ರಾಜೆಕ್ಟ್ ಕಡತವನ್ನಷ್ಟೇ ತುಂಬಿಸಿ ಅಜ್ಜನ ಮನೆಗೆ ಕಳುಹಿಸಿದ್ದೆ. ಅಲ್ಲಿ ನೆಂಟರೆಲ್ಲ ಸುತ್ತ ಕುಳಿತ ಮೇಲೆ ತೆರೆದರೆ ನೂರಾರು ಕೆಂಪು ಗುರುತುಗಳು. ಅವಳು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ.

ಕರೆಂಟು ಹೋಗುವ ಊರಿನಲ್ಲಿ ಹತ್ತು ಚಿತ್ರಗಳಿಗೊಮ್ಮೆ ಉಳಿಸುವ ಅಭ್ಯಾಸವನ್ನೂ ಮಾಡಿಸಿ. ಮಳೆಗಾಲದಲ್ಲಿ ಗುಡುಗುವ ದಿನ ನಾವು ಕಂಪ್ಯೂಟರನ್ನು ಹಚ್ಚುವುದೇ ಇಲ್ಲ. ಕ್ಯಾಮೆರಾದಲ್ಲಿ ಚಿತ್ರ ಕೂಡಿಟ್ಟು, ಗುಡುಗು ಇಲ್ಲದ ದಿನ ಒಟ್ಟಿಗೆ ಕಟ್ಟುತ್ತೇವೆ.

ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಇಲ್ಲ. ಮಗು ಎರಡು ಕಡೆ ಎರಡು ಬಗೆ ಕಲಿತು ಗೊಂದಲಕ್ಕೆ ಬೀಳುವುದಿಲ್ಲವೇ?

ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಿಂಡೋಸಿನ ಬದಲಿಗೆ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಆಧಾರಿತ ಮುಕ್ತ ತಂತ್ರಾಂಶವೇ ಬಳಕೆಯಲ್ಲಿದೆ. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಕೈಟ್ ಎಂಬ ಸರಕಾರಿ ಸಂಸ್ಥೆಯಾಯಿತು. 2018ರಲ್ಲಿ ಬಂದ ಲಿಟ್ಲ್ ಕೈಟ್ಸ್ ಎಂಬ ವಿದ್ಯಾರ್ಥಿಗಳ ಐಟಿ ಘಟಕಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಆ್ಯನಿಮೇಷನ್ ಕೂಡ ಒಂದು ಕಲಿಕೆಯ ವಿಷಯ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೂ ಇದು ತೆರೆದಿದೆ. ಅಲ್ಲಿ ಕಲಿಸುವುದು ಹೆಚ್ಚಾಗಿ ಕಂಪ್ಯೂಟರಿನಲ್ಲೇ ಚಿತ್ರ ಬರೆದು ಚಲಿಸುವಂತೆ ಮಾಡುವ ಬಗೆಯನ್ನು, ಆದರೆ ಫ್ರೇಮ್ ಎಂದರೇನು, ಹೆಜ್ಜೆ ಎಷ್ಟು ದೊಡ್ಡದಿರಬೇಕು ಎಂಬುದು ಎರಡು ಕಡೆಯೂ ಒಂದೇ. ಮನೆಯಲ್ಲಿ ತುಳು, ನೆರೆಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಮಗು ಎರಡು ತಂತ್ರಾಂಶಗಳಿಗೆ ಹೆದರುವುದಿಲ್ಲ.

ಮನೆಯ ಹಳೆಯ ಕಂಪ್ಯೂಟರಿಗೂ ಹಗುರವಾದ ಲಿನಕ್ಸ್ ಹಾಕಿಸಿದರೆ ಸ್ಟಾಪ್‌ಮೋಷನ್ ಎಂಬ ಹೆಸರಿನದೇ ಉಚಿತ ತಂತ್ರಾಂಶ ಅದರ ಭಂಡಾರದಲ್ಲಿ ಸಿಗುತ್ತದೆ, ಈರುಳ್ಳಿ ಸಿಪ್ಪೆಯ ಸೌಲಭ್ಯವೂ ಅದರಲ್ಲಿದೆ. ಎಕ್ಸ್‌ಪಿಯನ್ನು ಇಟ್ಟುಕೊಂಡು ಒದ್ದಾಡುವುದಕ್ಕಿಂತ ಇದು ಮೇಲು ಎಂದು ನನಗೀಗ ಅನ್ನಿಸುತ್ತದೆ. ಹಾಕುವ ಮೊದಲು ಮಗುವಿನ ಚಿತ್ರಗಳನ್ನು ಬೇರೆಡೆಗೆ ನಕಲು ಮಾಡಿಕೊಂಡಿದ್ದೀರೆಂದು ಎರಡು ಸಲ ನೋಡಿಕೊಳ್ಳಿ.

ಕನ್ನಡದಲ್ಲಿ ಶೀರ್ಷಿಕೆ ಬರೆಯಲು ಹೋದರೆ ಅಕ್ಷರಗಳು ಒಡೆಯುತ್ತವೆ.

ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಇದೆ, ಆದರೆ ಸಂಕೀರ್ಣ ಲಿಪಿಗಳ ಬೆಂಬಲವನ್ನು ಭಾಷೆಯ ಆಯ್ಕೆಗಳಲ್ಲಿ ಪ್ರತ್ಯೇಕವಾಗಿ ಸೇರಿಸದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಅಷ್ಟೆಲ್ಲ ಏಕೆ? ಸ್ಲೇಟಿನ ಮೇಲೆ ಮಗುವಿನಿಂದಲೇ ಬರೆಸಿ ಚಿತ್ರ ತೆಗೆಯಿರಿ. ಒಂದೊಂದು ಅಕ್ಷರಕ್ಕೆ ಎರಡೆರಡು ಚಿತ್ರ ತೆಗೆದರೆ ಹೆಸರು ತಾನಾಗಿ ಬರೆದುಕೊಳ್ಳುವಂತೆ ಕಾಣುತ್ತದೆ, ಅದೂ ಸ್ಟಾಪ್ ಮೋಷನ್ನೇ.

ಗೊಂಬೆ ಮಾತನಾಡುವಂತೆ ಮಾಡುವುದು ಹೇಗೆ?

ಧ್ವನಿಯನ್ನು ಮೊದಲು ಮುದ್ರಿಸಿ, ಚಿತ್ರವನ್ನು ಆಮೇಲೆ ತೆಗೆಯಬೇಕು. ಬಾಯಿಯ ಆಕಾರಗಳು ಕಾಗದದಲ್ಲಿ ಕತ್ತರಿಸಿದ ನಾಲ್ಕು ಇದ್ದರೆ ಆರಂಭಕ್ಕೆ ಧಾರಾಳ: ಅ ಮತ್ತು ಆಗಳಿಗೆ ತೆರೆದದ್ದು, ಇ ಮತ್ತು ಎಗಳಿಗೆ ಅಗಲವಾದದ್ದು, ಉ ಮತ್ತು ಒಗಳಿಗೆ ದುಂಡಗಿನದ್ದು, ಪ ಬ ಮಗಳಿಗೆ ಮುಚ್ಚಿದ್ದು.

ಎಷ್ಟು ಚಿತ್ರ ಎಂಬುದಕ್ಕೆ ವ್ಯಾಕರಣ ಪಾಠದ ಲಘು ಗುರುಗಳೇ ನೆರವಿಗೆ ಬಂದವು. ಸೆಕೆಂಡಿಗೆ 8 ಚಿತ್ರಗಳ ವೇಗದಲ್ಲಿ ಲಘುವಿಗೆ ಒಂದು, ಗುರುವಿಗೆ ಎರಡು ಚಿತ್ರ ಕೊಟ್ಟರೆ ಮಾತು ಹೆಚ್ಚುಕಡಿಮೆ ಹೊಂದುತ್ತದೆ. ಅಪ್ಪ ಎಂಬಲ್ಲಿ ಗುರು ಒಂದು, ಲಘು ಒಂದು, ಒಟ್ಟು ಮೂರು ಮಾತ್ರೆ, ಮೂರು ಚಿತ್ರ: ತೆರೆದ ಬಾಯಿ, ಮುಚ್ಚಿದ ಬಾಯಿ, ಮತ್ತೆ ತೆರೆದ ಬಾಯಿ. ಮಗಳಿಗೆ ಛಂದಸ್ಸು ಶಾಲೆಯಲ್ಲಿ ಬರುವ ಮೊದಲೇ ಅಡಿಕೆಗಳ ಬಾಯಿಯಿಂದ ಬಂತು. ಗೊಂಬೆಗಳು ಯಾವ ಭಾಷೆ ಆಡಬೇಕೆಂಬುದನ್ನು ಮಗುವಿಗೇ ಬಿಡಿ. ನಮ್ಮಲ್ಲಿ ಅಡಿಕೆಗಳು ಹವ್ಯಕ ಕನ್ನಡ, ತೆಂಗಿನಕಾಯಿ ತುಳು ಮಾತನಾಡುತ್ತವೆ.

ಸಿದ್ಧವಾದ ಸಿನಿಮಾ ಫೋನಿನಲ್ಲಿ ತೆರೆಯುವುದಿಲ್ಲ.

ಮೂವಿ ಮೇಕರ್ ಕೊಡುವ ಡಬ್ಲ್ಯುಎಂವಿ ರೂಪವನ್ನು ಅನೇಕ ಫೋನುಗಳು ಗುರುತಿಸುವುದಿಲ್ಲ. ವಿಎಲ್‌ಸಿ ಎಂಬ ಉಚಿತ ವಿಡಿಯೊ ತಂತ್ರಾಂಶದ ಪರಿವರ್ತನೆಯ ಸೌಲಭ್ಯದಿಂದ ಎಂಪಿ4 ಮಾಡಿಕೊಳ್ಳಿ.

ಹೆತ್ತವರು ಎಷ್ಟರ ಮಟ್ಟಿಗೆ ಕೈ ಹಾಕಬೇಕು?

ದೀಪ, ತಂತಿ, ಕತ್ತರಿ, ಕಡತಗಳ ನಕಲು ಇವಿಷ್ಟು ನಿಮ್ಮದು. ಕಥೆ ನಿಮ್ಮದಲ್ಲ. ಮೊದಲ ದಿನ ಕಥೆಯೇ ಬೇಡ; ಹತ್ತು ಚಿತ್ರ ತೆಗೆದು ಕೂಡಲೇ ಓಡಿಸಿ ತೋರಿಸಿ, ಏಕೆಂದರೆ ಮಗುವನ್ನು ಹಿಡಿದು ನಿಲ್ಲಿಸುವುದು ಅಡಿಕೆ ಮೊದಲ ಸಲ ಅಲುಗಿದ ಆ ಗಳಿಗೆ. ಒಂದು ಸಲಕ್ಕೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಗೊಂಬೆ ಬಿದ್ದರೆ ಎತ್ತಿ ನಿಲ್ಲಿಸಲು ಧಾವಿಸಬೇಡಿ; ಬಿದ್ದದ್ದನ್ನೇ ಕಥೆಗೆ ಸೇರಿಸಿಕೊಳ್ಳುವ ಜಾಣ್ಮೆ ಮಕ್ಕಳಿಗೆ ನಮಗಿಂತ ಹೆಚ್ಚು.

ಹೊಸ ತಂತ್ರಾಂಶಕ್ಕೆ ಯಾವಾಗ ಹೋಗಬೇಕು? ಹಳೆಯದರಲ್ಲಿ ಮಾಡಿದ್ದೆಲ್ಲ ವ್ಯರ್ಥವಾಗುತ್ತದೆಯೇ?

ಹಳೆಯದರ ಮಿತಿಯನ್ನು ಮಗುವೇ ಹೆಸರಿಸಿ ದೂರಿದ ದಿನ ಹೋಗಿ: ಸೆಕೆಂಡಿಗೆ ಎಂಟು ಸಾಲದು, ಎರಡು ಧ್ವನಿಗಳು ಒಟ್ಟಿಗೆ ಬೇಕು, ಚಿತ್ರ ದೊಡ್ಡದಾಗಿ ಕಾಣಬೇಕು ಎಂಬಂತಹ ದೂರುಗಳು. ಅಷ್ಟು ಹೊತ್ತಿಗೆ ಅದಕ್ಕೆ ಏನು ಬೇಕೆಂದು ಗೊತ್ತಿರುತ್ತದೆ. ಓಪನ್‌ಶಾಟ್ ಮತ್ತು ಕೆಡೆನ್‌ಲೈವ್ ಎರಡೂ ಉಚಿತ, ಎರಡೂ ಕ್ರಮಸಂಖ್ಯೆಯ ಚಿತ್ರಗಳನ್ನು ಒಂದೇ ತುಣುಕಾಗಿ ಒಳಗೆ ತೆಗೆದುಕೊಳ್ಳುತ್ತವೆ. ತುಸು ಹೊಸ ಕಂಪ್ಯೂಟರ್ ಬೇಕಷ್ಟೆ.

ವ್ಯರ್ಥವಾಗುವುದು ಪ್ರಾಜೆಕ್ಟ್ ಕಡತ ಮಾತ್ರ, ಅದನ್ನು ಹೊಸ ತಂತ್ರಾಂಶ ಓದುವುದಿಲ್ಲ. ಮೂಲ ಚಿತ್ರಗಳನ್ನು ಪೂರ್ಣ ಅಳತೆಯಲ್ಲಿ ಸಂಖ್ಯೆ ಸಹಿತ ಇಟ್ಟುಕೊಂಡಿದ್ದರೆ ಸಿನಿಮಾವನ್ನು ಮತ್ತೆ ಕಟ್ಟಲು ಹತ್ತು ನಿಮಿಷ ಸಾಕು. ಕಳೆದ ಓಣಂ ರಜೆಯಲ್ಲಿ ಮಗಳು ತನ್ನ ಮೊದಲ ಸಿನಿಮಾದ 240 ಚಿತ್ರಗಳನ್ನು ಹೊರತೆಗೆದು ಸೆಕೆಂಡಿಗೆ 12ರಂತೆ ಹೊಸದಾಗಿ ಜೋಡಿಸಿದಳು. ಮೂವತ್ತು ಸೆಕೆಂಡಿನ ಮೆರವಣಿಗೆ ಇಪ್ಪತ್ತಕ್ಕೆ ಇಳಿಯಿತು, ಅಡಿಕೆಗಳು ಓಡತೊಡಗಿದವು. ನೋಡಿ ಮುಗಿಸಿ, ಅವು ನಡೆಯುವುದೇ ಚೆನ್ನಾಗಿತ್ತು ಎಂದು ಹೇಳಿ ಮತ್ತೆ 8ಕ್ಕೆ ಇಳಿಸಿದಳು. ಕಡ್ಡಿ ಇಣುಕಿದ ಆ ಎರಡು ಚಿತ್ರಗಳನ್ನು ಮಾತ್ರ ಈ ಸಲವೂ ತೆಗೆಯಲಿಲ್ಲ.